ಔಷಧದಾನವೂ ದುಡಿಯುವವನ ದಿನಗೂಲಿಯೂ

ಶ್ರಾವಕನು ನಿತ್ಯವೂ ಆಚರಿಸಬೇಕಾದ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳ ಜೊತೆಗೆ ದಾನವನ್ನೂ ನಮ್ಮ ಆಚಾರ್ಯರು ಸೇರಿಸಿದ್ದಾರೆ. ಆ ದಾನವು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯಾಗಿದೆ. ಇವುಗಳಲ್ಲಿ ಆಹಾರದಾನವು ನಮ್ಮ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಇಂದಿಗೂ ಶ್ರದ್ಧೆಯಿಂದ ನಡೆಯುತ್ತಿದೆ. ಶಾಸ್ತ್ರದಾನವು ಗ್ರಂಥಪ್ರಕಾಶನ, ಪಾಠಶಾಲೆ, ವಿದ್ಯಾರ್ಥಿನಿಲಯಗಳ ರೂಪದಲ್ಲಿ ಬೆಳೆದಿದೆ. ಔಷಧದಾನವು ಮಾತ್ರ ಅನೇಕ ಊರುಗಳಲ್ಲಿ ಮಹಾವೀರ ಜಯಂತಿಯ ದಿನ ನಡೆಸುವ ಒಂದು ಆರೋಗ್ಯ ಶಿಬಿರಕ್ಕೆ ಸೀಮಿತವಾಗಿರುವಂತೆ ತೋರುತ್ತದೆ. ಶಿಬಿರವು ಸಂಜೆಗೆ ಮುಗಿಯುತ್ತದೆ; ರೋಗವು ವರ್ಷದ ಉಳಿದ ದಿನಗಳಲ್ಲಿಯೂ ಬರುತ್ತದೆ.

ಬಾಗಲಕೋಟೆಯ ಪೇಟೆಯಲ್ಲಿ ಚೀಲ ಹೊರುವ ಹಮಾಲ, ಇಲಕಲ್ಲಿನಲ್ಲಿ ಸೀರೆ ನೇಯುವ ನೇಕಾರ, ಹುನಗುಂದ ಸೀಮೆಯಲ್ಲಿ ಕಲ್ಲು ಕೊರೆಯುವ ಕೂಲಿಕಾರ, ಬಾದಾಮಿಯ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬ ಇವರೆಲ್ಲರಿಗೂ ಔಷಧದಾನವು ಹೇಗೆ ಮುಟ್ಟಬೇಕು? ನಮ್ಮ ಪೂರ್ವಿಕರು ಇಂತಹ ಕಾರ್ಯವನ್ನು ಹೇಗೆ ನಡೆಸಿದರು? ಈ ಎರಡು ಪ್ರಶ್ನೆಗಳನ್ನು ಕೂಡಿಸಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಶಾಸ್ತ್ರದಲ್ಲಿ ಔಷಧದಾನ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ವೈಯಾವೃತ್ಯವೆಂಬ ಹೆಸರಿನಿಂದ ಕರೆದಿದ್ದಾರೆ. ವೈಯಾವೃತ್ಯವೆಂದರೆ ಸೇವೆ, ಶುಶ್ರೂಷೆ. ಈ ಹೆಸರಿನಲ್ಲಿಯೇ ದಾನದ ಸ್ವರೂಪವು ಅಡಗಿದೆ. ಹಣವನ್ನು ಕೊಟ್ಟು ಕೈತೊಳೆದುಕೊಂಡರೆ ಅದು ಪೂರ್ಣವಾಗುವುದಿಲ್ಲ. ನಾಲ್ಕು ದಾನಗಳಿಗೆ ನಾಲ್ಕು ದೃಷ್ಟಾಂತಗಳನ್ನು ಹೇಳುವಾಗ ಆಚಾರ್ಯರು ಔಷಧದಾನಕ್ಕೆ ವೃಷಭಸೇನೆಯನ್ನು ಹೆಸರಿಸಿದ್ದಾರೆ. ಪರಂಪರೆಯಲ್ಲಿ ಬಂದಿರುವ ಕಥೆಯಂತೆ ಈಕೆ ಹಿಂದಿನ ಜನ್ಮದಲ್ಲಿ ದೇವಾಲಯದ ಕಸ ಗುಡಿಸುವ ನಾಗಶ್ರೀಯಾಗಿದ್ದಳು. ಧ್ಯಾನಸ್ಥರಾಗಿದ್ದ ಮುನಿಗಳಿಗೆ ತನ್ನಿಂದ ಉಪಸರ್ಗವಾಯಿತೆಂಬುದನ್ನು ಅರಿತು ಪಶ್ಚಾತ್ತಾಪಪಟ್ಟು, ಅವರಿಗೆ ಔಷಧೋಪಚಾರವನ್ನು ಮಾಡಿದಳು. ಆ ಪುಣ್ಯದಿಂದ ಮುಂದಿನ ಜನ್ಮದಲ್ಲಿ ಅನ್ಯರ ರೋಗವನ್ನು ನೀಗುವ ಶಕ್ತಿ ಅವಳಿಗೆ ಒದಗಿತು.

ಈ ಕಥೆಯಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಔಷಧದಾನದ ಆದರ್ಶವಾಗಿ ನಿಂತವಳು ರಾಣಿಯಲ್ಲ, ಶ್ರೇಷ್ಠಿಯ ಪತ್ನಿಯೂ ಅಲ್ಲ. ಪೊರಕೆ ಹಿಡಿದು ದುಡಿಯುತ್ತಿದ್ದ ಹೆಣ್ಣುಮಗಳು. ಮತ್ತು ಅವಳು ಔಷಧವನ್ನು ಕೊಟ್ಟದ್ದು ನೋವು ತನ್ನ ಕೈಯಿಂದಲೇ ಆಯಿತೆಂಬ ಅರಿವಿನಿಂದ.

ಈ ಎರಡನೆಯ ಅಂಶವು ವ್ಯಾಪಾರಿಗಳಾದ ನಮಗೆ ವಿಶೇಷವಾಗಿ ಅನ್ವಯಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ನಾಲ್ಕನೆಯದಕ್ಕೆ ಶಕ್ತಿಮೀರಿದ ಭಾರವನ್ನು ಹೊರಿಸುವುದು ಎಂದರ್ಥ. ಇದನ್ನು ಎತ್ತು, ಕತ್ತೆಗಳಿಗೆ ಮಾತ್ರ ಅನ್ವಯಿಸಿಕೊಂಡು ಸುಮ್ಮನಿರುವುದು ಸುಲಭ. ಆದರೆ ಕ್ವಿಂಟಲ್ ತೂಕದ ಚೀಲವನ್ನು ಬೆನ್ನಿನ ಮೇಲೆ ಹೊತ್ತು ಲಾರಿ ಹತ್ತುವ ಮನುಷ್ಯನಿಗೆ ಅದು ಅನ್ವಯಿಸುವುದಿಲ್ಲವೆಂದು ಯಾವ ಆಚಾರ್ಯರೂ ಹೇಳಲಾರರು. ಜ್ವರ ಬಂದು ಮೂರು ದಿನ ಮಲಗಿದವನ ಮನೆಯಲ್ಲಿ ಕೂಲಿಯಿಲ್ಲದ ಕಾರಣ ಒಲೆ ಹೊತ್ತದಿದ್ದರೆ, ಅದು ಐದನೆಯ ಅತಿಚಾರವಾದ ಅನ್ನಪಾನನಿರೋಧಕ್ಕೆ ಎಷ್ಟು ದೂರದ್ದು ಎಂಬುದನ್ನು ಪ್ರತಿಯೊಬ್ಬ ಅಣುವ್ರತಿಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ.

ದಾನವು ಪಾತ್ರರಿಗೆ ಸಲ್ಲಬೇಕು, ಹಮಾಲನೂ ನೇಕಾರನೂ ಪಾತ್ರರು ಹೇಗೆ, ಎಂದು ಕೆಲವರು ಕೇಳಬಹುದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸುವ ಮೂಲಕ ಈ ಪ್ರಶ್ನೆಗೆ ಉತ್ತರಿಸಿದ್ದಾರೆ. ಮುನಿಗಳಿಗೆ ಸಲ್ಲುವುದು ಪಾತ್ರದತ್ತಿ. ಭಯಗೊಂಡ, ನೊಂದ ಜೀವಿಗಳಿಗೆ ಸಲ್ಲುವುದು ದಯಾದತ್ತಿ. ದಯಾದತ್ತಿಗೆ ಕುಲವೂ ಇಲ್ಲ, ಮತವೂ ಇಲ್ಲ.

ಕನ್ನಡ ನಾಡಿನ ಜೈನ ವೈದ್ಯಪರಂಪರೆ

ಔಷಧದಾನಕ್ಕೆ ಔಷಧಶಾಸ್ತ್ರವು ಬೇಕು. ಆ ಶಾಸ್ತ್ರವನ್ನು ಬೆಳೆಸಿದವರಲ್ಲಿ ಜೈನರ ಪಾಲು ದೊಡ್ಡದು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೂ ಚಿಕಿತ್ಸೆಯು ಸಾಧ್ಯವೆಂಬುದನ್ನು ತೋರಿಸಿದ್ದು ಆ ಗ್ರಂಥದ ಹಿರಿಮೆ. ಮಾಂಸಾಹಾರದಿಂದ ಪ್ರಯೋಜನವಿಲ್ಲವೆಂಬ ವಿಚಾರವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಗ್ರಂಥದ ಕೊನೆಯ ಭಾಗದಿಂದ ತಿಳಿದುಬರುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಕನ್ನಡದಲ್ಲಿ ಕರ್ನಾಟಕ ಕಲ್ಯಾಣಕಾರಕವನ್ನು ಬರೆದನು. ಚಾಲುಕ್ಯ ರಾಜಮನೆತನದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿ ಮೂಕಪಶುಗಳಿಗೂ ಔಷಧದಾನವನ್ನು ವಿಸ್ತರಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯನ್ನು ಕುರಿತದ್ದು.

ಸಂಸ್ಕೃತದಲ್ಲಿದ್ದ ವೈದ್ಯವು ಕನ್ನಡಕ್ಕೆ ಬಂದುದರಲ್ಲಿ ಒಂದು ಅರ್ಥವಿದೆ. ಪಂಡಿತನಲ್ಲದ ನಾಟಿವೈದ್ಯನ ಕೈಗೂ ಶಾಸ್ತ್ರವು ಸಿಗಬೇಕು, ಹೊಲದಲ್ಲಿ ಹಾವು ಕಚ್ಚಿದವನಿಗೆ ಹತ್ತಿರದಲ್ಲಿಯೇ ಪರಿಹಾರ ದೊರೆಯಬೇಕು ಎಂಬ ಕಾಳಜಿಯು ಈ ಗ್ರಂಥಗಳ ಹಿಂದೆ ಇದ್ದಿರಬೇಕು. ಶಾಸ್ತ್ರದಾನವೂ ಔಷಧದಾನವೂ ಇಲ್ಲಿ ಒಂದಾಗಿವೆ.

ಐಹೊಳೆಯ ವರ್ತಕರು ಮತ್ತು ಹೇರಿನ ಲೆಕ್ಕ

ಶಾಸ್ತ್ರವೊಂದೇ ಸಾಲದು, ಅದನ್ನು ಜನರಿಗೆ ತಲುಪಿಸಲು ದ್ರವ್ಯವು ಬೇಕು. ಈ ವಿಷಯದಲ್ಲಿ ನಮ್ಮ ಸೀಮೆಯ ಚರಿತ್ರೆಯು ಬಹಳ ಬೋಧಪ್ರದವಾಗಿದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಮೇಗುತಿ ಜಿನಾಲಯವು ಇಂದಿಗೂ ಬೆಟ್ಟದ ಮೇಲೆ ನಿಂತಿದೆ. ಬಾದಾಮಿಯ ನಾಲ್ಕನೆಯ ಗುಹೆಯು ಜಿನರಿಗೆ ಮೀಸಲಾದದ್ದು. ಇದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕಸಂಘವು ಮುಂದಿನ ಶತಮಾನಗಳಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿಯೂ ಈ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ದೊರೆತಿದೆ. ಈ ಸಂಘದಲ್ಲಿ ಜೈನರೂ ಇದ್ದರು, ಶೈವ ವೈಷ್ಣವರೂ ಇದ್ದರು. ಎಲ್ಲ ಮತಗಳ ದೇವಾಲಯಗಳಿಗೂ ಅವರು ದಾನವಿತ್ತಿದ್ದಾರೆ.

ಈ ವರ್ತಕರ ದಾನಶಾಸನಗಳಲ್ಲಿ ಕಾಣುವ ಕ್ರಮವೊಂದನ್ನು ವಾಚಕರು ಗಮನಿಸಬೇಕು. ಒಬ್ಬ ಧನಿಕನು ಒಂದೇ ಸಲ ದೊಡ್ಡ ಮೊತ್ತವನ್ನು ಕೊಟ್ಟ ಉದಾಹರಣೆಗಳು ಇವೆ. ಆದರೆ ಅನೇಕ ಶಾಸನಗಳಲ್ಲಿ ವರ್ತಕರು ಒಟ್ಟಾಗಿ ಸೇರಿ, ತಮ್ಮ ಸರಕಿನ ಪ್ರತಿ ಹೇರಿಗೆ ಇಷ್ಟು, ಪ್ರತಿ ಗಾಣಕ್ಕೆ ಇಷ್ಟು ಎಣ್ಣೆ, ಪ್ರತಿ ಎಲೆಯ ಹೊರೆಗೆ ಇಷ್ಟು ಎಲೆ ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡಿದ್ದಾರೆ. ಅದನ್ನು ಕಲ್ಲಿನ ಮೇಲೆ ಕೊರೆಯಿಸಿ ಎಲ್ಲರೂ ಓದುವಂತೆ ನಿಲ್ಲಿಸಿದ್ದಾರೆ. ಒಬ್ಬೊಬ್ಬರ ಪಾಲು ಅಲ್ಪ. ಆದರೆ ವ್ಯಾಪಾರವು ನಡೆಯುವವರೆಗೂ ಧರ್ಮವು ನಡೆಯುತ್ತದೆ. ದಾನಿಯು ತೀರಿಕೊಂಡರೂ ಮಗನ ಕಾಲದಲ್ಲಿ ಹೇರು ಬರುತ್ತಲೇ ಇರುತ್ತದೆ. ಇದು ವಾಣಿಜ್ಯದ ಬುದ್ಧಿಯನ್ನು ಧರ್ಮಕ್ಕೆ ಹೂಡಿದ ರೀತಿಯಾಗಿದೆ.

ಇಂತಹ ನಿರಂತರವಾದ ಆದಾಯದ ಬಲದಿಂದಲೇ ಹಿಂದಿನ ಕಾಲದ ಆರೋಗ್ಯಶಾಲೆಗಳೂ ನಡೆದವು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅದು ವಿದ್ಯಾಭ್ಯಾಸದ ಸ್ಥಾನವಾಗಿದ್ದುದರೊಂದಿಗೆ ದೀನರಿಗೂ ಅನಾಥರಿಗೂ ಅನ್ನ ನೀಡುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವೂ ಆಗಿತ್ತೆಂದು ಹೇಳುತ್ತದೆ. ಅದು ಕಾಳಾಮುಖ ಶೈವರ ಮಠ. ತಮಿಳುನಾಡಿನ ತಿರುಮುಕ್ಕೂಡಲಿನ ವಿಷ್ಣು ದೇವಾಲಯದ ಹನ್ನೊಂದನೆಯ ಶತಮಾನದ ಶಾಸನವು ಇನ್ನೂ ವಿವರವಾಗಿದೆ. ಹದಿನೈದು ಹಾಸಿಗೆಗಳ ಆಸ್ಪತ್ರೆ, ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ದಾದಿಯರು, ಸಂಗ್ರಹದಲ್ಲಿರಬೇಕಾದ ಔಷಧಗಳು ಎಲ್ಲವನ್ನೂ ಅಲ್ಲಿ ಲೆಕ್ಕವಿಟ್ಟು ಬರೆದಿದೆ. ಉತ್ತಮವಾದುದು ಅನ್ಯಮತೀಯರಲ್ಲಿದ್ದರೂ ಗುಣವನ್ನು ಗ್ರಹಿಸುವುದು ಅನೇಕಾಂತವಾದಿಗೆ ಸಹಜವಾಗಿದೆ.

ಆಧುನಿಕ ಕಾಲದಲ್ಲಿ ಉಳಿದ ಅಂತರ

ಅರಸೊತ್ತಿಗೆಗಳು ಅಳಿದ ಮೇಲೆ ಈ ವ್ಯವಸ್ಥೆಯೂ ಸಡಿಲಾಯಿತು. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಸೀಮೆಯು ಮುಂಬಯಿ ಪ್ರಾಂತದಲ್ಲಿಯೇ ಅತಿ ಹೆಚ್ಚು ಬಾಧೆಗೊಳಗಾದ ಪ್ರದೇಶಗಳಲ್ಲಿ ಒಂದಾಗಿತ್ತು. ನೇಕಾರರ ಊರಾದ ಗುಳೇದಗುಡ್ಡದಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಬಾಸೆಲ್ ಮಿಶನ್ನಿನವರು ನೆಲೆಯೂರಿದ್ದರು. ಮುಂದೆ ಗದಗ ಬೆಟಗೇರಿಯಲ್ಲಿ ಅವರ ಆಸ್ಪತ್ರೆಯೂ ಬಂದಿತು.

ಸ್ವಾತಂತ್ರ್ಯಾನಂತರ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಬಂದು, 1952ರಲ್ಲಿ ಯೋಜನೆಯು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಈ ಯೋಜನೆಯ ವೈಶಿಷ್ಟ್ಯವೆಂದರೆ, ಚಿಕಿತ್ಸೆಯ ಜೊತೆಗೆ ಕಾಯಿಲೆಯ ದಿನಗಳ ವೇತನದ ಭಾಗವನ್ನೂ ಅದು ಕೊಡುತ್ತದೆ. ಸರಾಸರಿ ವೇತನದ ಶೇಕಡಾ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಪಡೆಯಲು ಅದರಲ್ಲಿ ಅವಕಾಶವಿದೆ. ಆದರೆ ಅದು ಕಾರ್ಖಾನೆಯನ್ನೂ ಹಾಜರಿ ಪುಸ್ತಕವನ್ನೂ ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ವ್ಯವಸ್ಥೆ. ಇಂದು ಒಂದು ಅಂಗಡಿಗೆ, ನಾಳೆ ಇನ್ನೊಂದು ಅಂಗಡಿಗೆ ಚೀಲ ಹೊರುವ ಹಮಾಲನಿಗೆ ಮಾಲೀಕನು ಯಾರು? ತನ್ನ ಮನೆಯ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುವವನಿಗೆ ಹಾಜರಿ ಹಾಕುವವರು ಯಾರು?

ನೆರೆಯ ಮಹಾರಾಷ್ಟ್ರವು ಈ ಪ್ರಶ್ನೆಗೆ 1969ರ ಮಾಥಾಡಿ ಕಾಯಿದೆಯ ಮೂಲಕ ಒಂದು ಉತ್ತರವನ್ನು ಕಂಡುಕೊಂಡಿತು. ವ್ಯಾಪಾರಿಗಳು ಹಮಾಲಿಯ ಜೊತೆಗೆ ನಿಗದಿಯಾದ ಹೆಚ್ಚುವರಿ ಪಾಲನ್ನು ಮಂಡಳಿಗೆ ಕಟ್ಟುತ್ತಾರೆ. ಅದರಿಂದ ಹಮಾಲರಿಗೆ ಭವಿಷ್ಯನಿಧಿ, ವೈದ್ಯಕೀಯ ನೆರವು ಮುಂತಾದವು ಸಲ್ಲುತ್ತವೆ. ಹಳೆಯ ಹೇರಿನ ಲೆಕ್ಕವೇ ಇಲ್ಲಿ ಕಾನೂನಿನ ವೇಷದಲ್ಲಿ ಮರಳಿ ಬಂದಂತಿದೆ.

ಕನ್ನಡ ನಾಡಿನ ಪ್ರಯೋಗಗಳು

ನಮ್ಮ ರಾಜ್ಯದಲ್ಲಿಯೂ ಜನರೇ ಕೂಡಿ ಆರೋಗ್ಯದ ವ್ಯವಸ್ಥೆ ಮಾಡಿಕೊಂಡ ಉದಾಹರಣೆಗಳು ಕಡಿಮೆಯೇನಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಹಾಲಿನ ಸಹಕಾರ ಸಂಘದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನೆರವಿನಿಂದ ಆರೋಗ್ಯ ಸಹಕಾರವನ್ನು ಆರಂಭಿಸಿದರು. ಮಾರಿದ ಹಾಲಿನ ಲೀಟರಿಗೆ ಕೆಲವು ಪೈಸೆಗಳನ್ನು ತೆಗೆದಿಟ್ಟು ಊರಿನ ವೈದ್ಯಸೇವೆಯನ್ನು ನಡೆಸಿದರು. ವಾರ್ಧಾ ಬಳಿಯ ಸೇವಾಗ್ರಾಮದ ಕಸ್ತೂರಬಾ ಆಸ್ಪತ್ರೆಯವರು ಸುತ್ತಲಿನ ಹಳ್ಳಿಗಳಿಂದ ಸುಗ್ಗಿಯಲ್ಲಿ ಜೋಳವನ್ನೇ ವಂತಿಗೆಯಾಗಿ ಪಡೆಯುವ ಪದ್ಧತಿಯನ್ನು ತಂದರು. ಹಾಲಿನವನಿಗೆ ಹಾಲಿನ ಲೆಕ್ಕ, ಒಕ್ಕಲಿಗನಿಗೆ ಜೋಳದ ಲೆಕ್ಕ.

2002ರಲ್ಲಿ ಕರುಣಾ ಟ್ರಸ್ಟ್ ಸಂಸ್ಥೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಸಹಕಾರದಿಂದ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೂ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿಯೂ ಬಡವರಿಗಾಗಿ ವಿಮೆಯೊಂದನ್ನು ನಡೆಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದವನಿಗೆ ದಿನಕ್ಕೆ ಔಷಧಕ್ಕಾಗಿ 50 ರೂಪಾಯಿ, ಕಳೆದುಕೊಂಡ ಕೂಲಿಗಾಗಿ 50 ರೂಪಾಯಿ ಎಂಬ ಏರ್ಪಾಡು ಅದರಲ್ಲಿತ್ತು. ಆಸ್ಪತ್ರೆಯು ಉಚಿತವಾಗಿದ್ದರೂ ಬಡವನು ಅಲ್ಲಿಗೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ಈ ಎರಡನೆಯ 50 ರೂಪಾಯಿಯೇ ಉತ್ತರ. ಮಲಗಿದ ದಿನದ ಕೂಲಿಯು ಹೋದರೆ ಉಚಿತ ಚಿಕಿತ್ಸೆಯೂ ಅವನಿಗೆ ತುಟ್ಟಿಯಾಗುತ್ತದೆ.

2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆಯು ಜಾರಿಗೆ ಬಂದಿತು. ಆರಂಭದಲ್ಲಿ ಸದಸ್ಯನು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗಳಿಗೆ ರಕ್ಷಣೆ ಸಿಗುತ್ತಿತ್ತು. 2018ರಲ್ಲಿ ನಿಂತುಹೋದ ಆ ಯೋಜನೆಯನ್ನು ಸರ್ಕಾರವು ಬಳಿಕ ಮತ್ತೆ ಆರಂಭಿಸಿದೆ. ಶ್ರೀ ಕ್ಷೇತ್ರ ಧರ್ಮಸ್ಥಳವು ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ದಾನ ಪರಂಪರೆಗೆ ಹೆಸರಾಗಿದೆ. ಅಲ್ಲಿಯ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾಗಿ, 2004ರಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಸಂಪೂರ್ಣ ಸುರಕ್ಷಾ ಎಂಬ ಆರೋಗ್ಯ ವಿಮೆಯನ್ನು ತಂದಿತು. ಶಾಸ್ತ್ರದ ಔಷಧದಾನವು ವಿಮೆಯ ರೂಪವನ್ನು ತಾಳಬಲ್ಲದೆಂಬುದಕ್ಕೆ ಇದು ಸಾಕ್ಷಿಯಾಗಿದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಒದಗಿಸುತ್ತಿದೆ.

ಹಾಗಾದರೆ ಸಮಾಜಕ್ಕೆ ಉಳಿದ ಕರ್ತವ್ಯವೇನು? ಹೃದಯದ ಶಸ್ತ್ರಚಿಕಿತ್ಸೆಯಂತಹ ದೊಡ್ಡ ಖರ್ಚನ್ನು ಹೊರಲು ಸರ್ಕಾರವು ಮುಂದೆ ಬಂದಿದೆ. ಅದನ್ನು ಹೊರುವ ಶಕ್ತಿ ಸಣ್ಣ ಊರಿನ ಟ್ರಸ್ಟಿಗೆ ಇಲ್ಲ, ಹೊರಬೇಕಾಗಿಯೂ ಇಲ್ಲ. ಉಳಿದಿರುವುದು ಚಿಕ್ಕದು, ಆದರೆ ನಿತ್ಯದ್ದು: ಆಸ್ಪತ್ರೆಗೆ ಹೋಗುವ ಬಸ್ಸಿನ ಖರ್ಚು, ರಕ್ತಪರೀಕ್ಷೆಯ ಹಣ, ತಿಂಗಳು ತಿಂಗಳು ಕೊಳ್ಳಬೇಕಾದ ರಕ್ತದೊತ್ತಡದ ಮಾತ್ರೆ, ಕಾರ್ಡು ಮಾಡಿಸುವ ಓಡಾಟ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ತಪ್ಪಿದ ಕೂಲಿ. ದೊಡ್ಡ ರೋಗವು ಹುಟ್ಟುವುದು ಈ ಚಿಕ್ಕ ಖರ್ಚಿಗೆ ಹೆದರಿ ಮುಂದೂಡಿದ ದಿನಗಳಲ್ಲಿಯೇ.

ಇಲಕಲ್ ಸುತ್ತಲಿನ ಕೆಂಪು ಗ್ರಾನೈಟ್ ಕೆಲಸವನ್ನೇ ನೋಡಬಹುದು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ರೋಗವನ್ನು ತರಬಲ್ಲವು. ಅದನ್ನು ಪೂರ್ತಿಯಾಗಿ ಗುಣಪಡಿಸುವ ಔಷಧವಿಲ್ಲ. ನೀರು ಹಾಯಿಸಿ ಕೊರೆಯುವುದು, ಧೂಳನ್ನು ತಡೆಯುವುದು, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸುವುದು ಇವೇ ಉಪಾಯ. ಇಂತಹ ಕಡೆ ರೋಗವು ಬಾರದಂತೆ ನೋಡಿಕೊಳ್ಳುವುದು ಔಷಧದಾನಕ್ಕಿಂತ ಹಿರಿದಾದ ಅಭಯದಾನವೇ ಆಗುತ್ತದೆ. ಗುಳೆ ಹೋದ ಬಾದಾಮಿಯ ಕೂಲಿಕಾರನಿಗೆ ಗೋವಾದಲ್ಲಿಯೋ ಮಂಗಳೂರಿನಲ್ಲಿಯೋ ಕಾಯಿಲೆಯಾದಾಗ, ಯಾವ ಆಸ್ಪತ್ರೆಗೆ ಯಾವ ಕಾಗದವನ್ನು ಒಯ್ಯಬೇಕೆಂದು ಫೋನಿನಲ್ಲಿ ತಿಳಿಸುವವರೊಬ್ಬರು ಊರಿನಲ್ಲಿದ್ದರೆ ಅದೂ ವೈಯಾವೃತ್ಯವೇ.

ಚೀಲದ ಲೆಕ್ಕ

ವ್ಯಾಪಾರಿಯ ಮಾತು ಲೆಕ್ಕವಿಲ್ಲದೆ ಪೂರ್ಣವಾಗದು. ಒಂದು ಪೇಟೆಯಲ್ಲಿ 100 ಜನ ಹಮಾಲರಿದ್ದು, ವರ್ಷಕ್ಕೆ 2 ಲಕ್ಷ ಚೀಲಗಳ ಏರಿಳಿತವಿದೆಯೆಂದು ಇಟ್ಟುಕೊಳ್ಳೋಣ. ಅಂಗಡಿಕಾರರು ಚೀಲಕ್ಕೆ 1 ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 2 ಲಕ್ಷ ರೂಪಾಯಿ ಕೂಡುತ್ತದೆ. ಒಬ್ಬ ಹಮಾಲನಿಗೆ ಸರಾಸರಿ ಐದು ದಿನ ಕಾಯಿಲೆಯೆಂದು ಹಿಡಿದು, ದಿನಕ್ಕೆ 300 ರೂಪಾಯಿಯಂತೆ ಕೂಲಿಯ ಪರಿಹಾರವನ್ನು ಕೊಟ್ಟರೆ 1,50,000 ರೂಪಾಯಿಯಾಗುತ್ತದೆ. ಉಳಿದ 50,000 ರೂಪಾಯಿಯಲ್ಲಿ ಅರ್ಧವನ್ನು ಪ್ರಯಾಣ, ತಪಾಸಣೆಗಳಿಗೆ ವೆಚ್ಚ ಮಾಡಿ, ಅರ್ಧವನ್ನು ಕಷ್ಟಕಾಲದ ನಿಧಿಯಾಗಿ ಕಾಯ್ದಿಡಬಹುದು. ಇದು ಅಂದಾಜಿನ ಲೆಕ್ಕ. ಆಯಾ ಊರಿನವರು ತಮ್ಮ ಕೀರ್ದಿ ಖಾತೆಗಳನ್ನು ನೋಡಿ ಸಂಖ್ಯೆಗಳನ್ನು ತಿದ್ದಿಕೊಳ್ಳಬೇಕು. ನೇಯ್ಗೆಯ ಊರಿನಲ್ಲಿ ಚೀಲದ ಬದಲು ಸೀರೆಯ ಲೆಕ್ಕ, ಕಲ್ಲಿನ ಊರಿನಲ್ಲಿ ಲೋಡಿನ ಲೆಕ್ಕ ಹಿಡಿಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹಳೆಯ ಪೇಟೆಗಳಲ್ಲಿ ಧರ್ಮಾದಾಯವೆಂಬ ಪದ್ಧತಿಯಿತ್ತು. ಪಟ್ಟಿಯಲ್ಲಿ ಅದಕ್ಕೊಂದು ಸಾಲನ್ನು ಬರೆದು, ಮಾಲು ತಂದ ರೈತನಿಂದಲೋ ಕೊಂಡವನಿಂದಲೋ ಹಣ ಹಿಡಿಯುತ್ತಿದ್ದರು. ಪುಣ್ಯದ ಹೆಸರು ಅಂಗಡಿಕಾರನಿಗೆ, ಹಣ ಮಾತ್ರ ಅನ್ಯರದು. ತನ್ನ ಸ್ವತ್ತನ್ನು ಅನುಗ್ರಹಕ್ಕಾಗಿ ತ್ಯಜಿಸುವುದೇ ದಾನವೆಂದು ಉಮಾಸ್ವಾತಿಗಳು ಲಕ್ಷಣ ಹೇಳಿರುವಾಗ, ಅನ್ಯರ ಜೇಬಿನಿಂದ ತೆಗೆದುದು ದಾನವೆನಿಸಲಾರದು. ಆದ್ದರಿಂದ ಚೀಲದ ರೂಪಾಯಿಯು ಅಂಗಡಿಕಾರನ ಸ್ವಂತ ಲಾಭದಿಂದಲೇ ಬರಬೇಕು. ರೈತನ ಪಟ್ಟಿಯಲ್ಲಾಗಲಿ ಹಮಾಲನ ಕೂಲಿಯಲ್ಲಾಗಲಿ ಅದನ್ನು ಮುರಿದುಕೊಳ್ಳಬಾರದು.

ಬಸದಿಯ ಟ್ರಸ್ಟುಗಳು ಈ ನಿಧಿಯನ್ನು ನೋಡಿಕೊಳ್ಳಲು ಯೋಗ್ಯ ಸಂಸ್ಥೆಗಳಾಗಿವೆ. ಆದರೆ ಸಮಿತಿಯಲ್ಲಿ ಹಮಾಲರ, ನೇಕಾರರ ಪ್ರತಿನಿಧಿಗಳೂ ಕುಳಿತುಕೊಳ್ಳಬೇಕು. ಅವರೂ ಇಚ್ಛೆಯಿಂದ ತಿಂಗಳಿಗೆ 10 ರೂಪಾಯಿಯ ಸದಸ್ಯತ್ವವನ್ನು ಕಟ್ಟಿದರೆ, ಕಾಯಿಲೆಯ ದಿನ ಕೈಚಾಚಿ ಬೇಡುವ ಪ್ರಸಂಗವು ಬಾರದೆ, ಹಕ್ಕಿನಿಂದ ಕೇಳುವ ಧೈರ್ಯವು ಬರುತ್ತದೆ. ಸಹಾಯ ಪಡೆದವನ ಭಾವಚಿತ್ರವನ್ನು ಎಲ್ಲಿಯೂ ಅಚ್ಚು ಮಾಡಬಾರದು. ವರ್ಷಕ್ಕೊಮ್ಮೆ ಜಮಾಖರ್ಚನ್ನು ಎಲ್ಲರೆದುರು ಓದಿ ಹೇಳಬೇಕು. ಶಾಸನವನ್ನು ಕಲ್ಲಿನ ಮೇಲೆ ಕೊರೆಯಿಸಿ ಬಯಲಿನಲ್ಲಿ ನಿಲ್ಲಿಸಿದವರ ಉದ್ದೇಶವೂ ಇದೇ ಆಗಿತ್ತು.

ಆರೋಗ್ಯ ಶಿಬಿರಗಳನ್ನು ನಿಲ್ಲಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಶಿಬಿರದಲ್ಲಿ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇದೆಯೆಂದು ತಿಳಿದ ಮನುಷ್ಯನನ್ನು ಮಾರನೆಯ ದಿನ ಕೈಬಿಡಬಾರದು ಎಂಬುದಷ್ಟೇ ನನ್ನ ವಿನಂತಿ. ಮುಂದಿನ ವಾರ್ಷಿಕ ಸಭೆಗಳಲ್ಲಿ ನಮ್ಮ ನಾಲ್ಕು ಊರುಗಳ ಟ್ರಸ್ಟಿಗಳು ಒಂದು ಪ್ರಶ್ನೆಯನ್ನು ಕಾರ್ಯಸೂಚಿಯಲ್ಲಿ ಸೇರಿಸಿಕೊಂಡರೆ ಈ ಲೇಖನವು ಸಾರ್ಥಕವಾಗುತ್ತದೆ: ಕಳೆದ ವರ್ಷ ನಮ್ಮ ಅಂಗಡಿಗಳ ಭಾರವನ್ನು ಹೊತ್ತವರಲ್ಲಿ ಎಷ್ಟು ಮಂದಿ ಕಾಯಿಲೆ ಬಿದ್ದರು, ಆ ದಿನಗಳಲ್ಲಿ ಅವರ ಮನೆಯ ಖರ್ಚು ಹೇಗೆ ನಡೆಯಿತು? ಉತ್ತರವು ತಿಳಿಯದಿದ್ದರೆ ಹಮಾಲರನ್ನೇ ಕರೆದು ಕುಳ್ಳಿರಿಸಿ ಕೇಳಬೇಕು. ಔಷಧದಾನವು ಅಲ್ಲಿಂದಲೇ ಆರಂಭವಾಗಲಿ.